ಮನೀಗೆ ಹೋಗ್ರಿ ಅಂದವನ ಮ್ಯಾಲೆ ಕೇಸು

ಬೆಟಗೇರಿ
ಅಕ್ಟೋಬರ್ ೧೨, ರವಿವಾರ

ಮುದ್ದಿನ ಮಗಳು ಮಹೆಕಗ,

ಸಲಾಮು ಬೇಟಾ. ನಿನ್ನ ಪತ್ರ ಬಂದು ಭಾಳ ದಿನ ಆತು. ನಿಮ್ಮಮ್ಮ ಅದನ್ನ ನನ್ನ ಕಡಿಂದ ಎಷ್ಟು ಸಲ ಓದಿಸ್ಯಾಳಂದ್ರ, ಹಾಳಿ ಮಡಚಿದ ಕಡೆ ಹರಿಯಾಕ ಬಂದೈತಿ. ಪರೇಡ ಮಾಡಿ ಮಾಡಿ ಹಿಮ್ಮಡ ಒಡದಾವ ಅಂತ ಬರದಿದ್ದಿ. ಮಲಗೂ ಮುಂದ ಕೊಬ್ರಿ ಎಣ್ಣಿ ಹಚ್ಚಿ, ಕಾಲಚೀಲ ಹಾಕ್ಕೊಂಡು ಮಲಗಬೇಕಂತ. ಎಲ್ಲಾದಕ್ಕಿಂತ ಮೊದಲ ಇದನ್ನ ಬರೀರಿ ಅಂತ ಹೇಳ್ಯಾಳ. ಬರದೆ.

ಉತ್ತರ ತಡಾ ಆತು, ಸಿಟ್ಟಾಗಬ್ಯಾಡ. ರವಿವಾರಕ್ಕೊಮ್ಮೆ ನಿಮ್ಮ ಪೊಲೀಸ್ ಟ್ರೇನಿಂಗಿನವರು ಫೋನ್ ಕೊಡ್ತಾರ, ನೀ ಕೇಳತಿ, ನಾ ಎಲ್ಲಾ ಆರಾಮ ಅಂತೀನಿ. ಹ್ವಾದ ತಿಂಗಳಿಂದ ನಾ ಹಂಗ ಅಂದದ್ದೆಲ್ಲಾ ಸುಳ್ಳು. ಫೋನಿನ್ಯಾಗ ನಿನ್ನ ಹಿಂದ ಮತ್ತೊಬ್ರು ಪಾಳಿ ಹಚ್ಚಿ ನಿಂತಿರ್ತಾರ, ನನ್ನ ಹಿಂದ ನಿಮ್ಮಮ್ಮ ನಿಂತಿರ್ತಾಳ. ಇಂಥಾ ಮಾತು ಹಂಗ ನಿಂತ ಕಾಲ ಮ್ಯಾಲೆ ಹೇಳಾಕ ಬರೂದಿಲ್ಲ. ಅದಕ್ಕ ಇವತ್ತ ಅಂಗಡಿ ತಗದಿಲ್ಲ. ಪೆಂಡಾಲ್ ಬಟ್ಟಿ ಗಂಟಿನ ಮ್ಯಾಲೆ ಕುಂತು ಬರಿಯಾಕತ್ತೀನಿ. ಅಕ್ಷರ ಸೊಟ್ಟ ಬಂದ್ರ ಸಿಟ್ಟಿನ ಸಲುವಾಗಿ ಅಂತ ತಿಳಕೊ, ವಯಸ್ಸಿನ ಸಲುವಾಗಿ ಅಲ್ಲ.

ನಿಮ್ಮಣ್ಣ ತೌಹೀದ ಆರಾಮ ಅದಾನ. ಲಕ್ಷ್ಮೇಶ್ವರದಾಗ ಒಂದು ಮದುವಿಗೆ ಪೆಂಡಾಲ್ ಹಾಕಾಕ ಹೋಗಿದ್ದ, ಗದ್ಲದ ದಿನ ಊರಾಗ ಇರಲಿಲ್ಲ. ಅದೊಂದು ಅಲ್ಲಾನ ಮೆಹರಬಾನಿ. ಇದ್ದಿದ್ರ ಅವನ್ನೂ ಒಯ್ತಿದ್ರು.

ಗದ್ಲ ಅಂದೆ. ನೀ ಅಲ್ಲಿ ಪೇಪರಿನ್ಯಾಗ ಓದಿರಬೇಕು, ಅವಳಿ ನಗರದಾಗ ಪರಿಸ್ಥಿತಿ ಹತೋಟಿಗೆ ಬಂತು ಅಂತ. ಹೆಂಗ ಬಂತು ಅನ್ನೂದನ್ನ ಈಗ ನನ್ನ ಕಡಿಂದ ಕೇಳು.

ಈ ವರ್ಷ ಗಣಪತಿ ಹಬ್ಬನೂ ಈದ್ ಮಿಲಾದೂ ಕೂಡೇ ಬಂದ್ವು. ನಮ್ಮ ಓಣಿ ಮುಂದಿನ ಸರ್ಕಲ್ಲಿಗೆ ಸಣ್ಣ ಸಣ್ಣ ಧ್ವಜದ ಸರ, ಕೇಸರಿ ಬಣ್ಣದ ಪರಪರಿನೂ ಕಟ್ಟಿದ್ವಿ, ಹಸರ ಬಣ್ಣದ ಪರಪರಿನೂ ಕಟ್ಟಿದ್ವಿ. ಕಟ್ಟಿದವ ನಾನ. ನಿಚ್ಚಣಿಕಿ ಹಿಡಕೊಂಡು ಕೆಳಗ ನಿಂತವ ನಿನ್ನ ಹುಚ್ಚೀರಪ್ಪ ಕಾಕಾ. ನೀ ಹೋದ ಮ್ಯಾಲೆ ಎದುರಿನ ಹಿಟ್ಟಿನ ಗಿರಣಿಗೆ ಹೊಸಾ ಮೋಟಾರ್ ಹಾಕಿಸ್ಯಾನ, ಓಣಿ ಗಣಪತಿ ಮಂಡಳಿಗೆ ಈ ಸಲಾನೂ ಅವನ ಅಧ್ಯಕ್ಷ. ಅವನ ಗಣಪತಿಗೆ ಮೈಕ್ ಹಚ್ಚೂದು ನಾನ, ನಮ್ಮ ಉರುಸಿನ ಊಟಕ್ಕ ಗೋದಿ ಬೀಸಿ ಕೊಡೂದು ಅವನ. ಇದರಾಗ ದೊಡ್ಡಸ್ತಿಕಿ ಏನಿಲ್ಲ. ಒಂದ ಓಣ್ಯಾಗ ಇದ್ದ ಮ್ಯಾಲೆ ಹಂಗ ಇರತೈತಿ.

ಆ ದಿನ ಮಧ್ಯಾಹ್ನ ಹತ್ತಿ ಅಂಡಿಗಿ ಹೇರಿಕೊಂಡ ಲಾರಿಯೊಂದು ಸರ್ಕಲ್ ದಾಟಿತು. ಎತ್ತರ ಹೇರಿದ್ರು. ಎರಡೂ ಪರಪರಿ ಅಂಡಿಗಿಗೆ ಸಿಕ್ಕು ಹರದ್ವು. ಕೇಸರಿದು ನೆಲಕ್ಕ ಬಿತ್ತು, ಹಸರದು ಲಾರಿ ಸಂಗಾಟ ಹೋತು. ಇಷ್ಟ ಮಗಳ ಆದದ್ದು. ಅಂಗಡಿ ಬಾಗಲದಾಗ ಕುಂತು ಕಣ್ಣಾರೆ ನೋಡೀನಿ. ಆದ್ರ ನೋಡದ ಮಂದಿ ಬಾಯಿ ನೋಡಿದವರ ಬಾಯಿಗಿಂತ ದೊಡ್ಡದು. ನೆಲಕ್ಕ ಬಿದ್ದ ಕೇಸರಿ ಕಂಡವರು ಅವರ ಹರದಾರ ಅಂದ್ರು. ಹಸರ ಕಾಣದವರು ಇವರ ಹರದು ಒಯ್ದಾರ ಅಂದ್ರು. ಸಂಜಿ ಆಗೂದ್ರಾಗ ಎರಡೂ ಕಡೆ ಮಂದಿ ಕೂಡಿತು. ಅದರಾಗ ನಮ್ಮ ಓಣಿ ಮುಖ ಇರಲಿಲ್ಲ ಅಂತ ನಾ ಹೇಳೂದಿಲ್ಲ, ಇದ್ವು. ಆದ್ರ ಹೆಚ್ಚಿನವರು ಎಲ್ಲಿಯವರೋ ಏನೋ. ಯಾವನೋ ಒಬ್ಬ ಮೊದಲನೇ ಕಲ್ಲು ಒಗದ. ಯಾರಂತ ನನಗ ಗೊತ್ತಿಲ್ಲ. ಗೊತ್ತಿದ್ದಿದ್ರ ಯಾವ ಕಡಿಯವ ಇದ್ದರೂ ಹೇಳತಿದ್ದೆ. ಬಾಳಿಹಣ್ಣಿನ ಗಾಡಿ ಪಲ್ಟಿ ಆತು, ಔಷಧ ಅಂಗಡಿ ಗಾಜು ಪುಡಿ ಪುಡಿ ಆತು, ಒಂದು ಮೋಟಾರ್ ಸೈಕಲ್ಲಿಗೆ ಬೆಂಕಿ ಹಚ್ಚಿದ್ರು.

ಆವಾಗ ಸರ್ಕಲ್ಲಿನ್ಯಾಗ ಇದ್ದ ಪೊಲೀಸ್ರು ಒಂದು ಹಿಡಿ ಮಂದಿ. ಅವರೊಳಗ ಮಂಜವ್ವನೂ ಇದ್ದಳು, ನಿನ್ನ ಓಟದ ಪರೀಕ್ಷಾಕ್ಕ ಮೈದಾನದಾಗ ಓಡಿಸಿ ಓಡಿಸಿ ತಯಾರ ಮಾಡಿದಾಕಿ. ಲಾಠಿ ಅಡ್ಡ ಹಿಡದು ಔಷಧ ಅಂಗಡಿ ಮುಂದ ಒಬ್ಬಾಕಿನ ನಿಂತಿದ್ದಳು. ಇನ್ಸ್‌ಪೆಕ್ಟರ್ ಸಾಹೇಬ್ರು ಜೀಪಿನ ಮೈಕಿನ್ಯಾಗ ಏನೋ ಹೇಳಾಕ ಹೋದ್ರು, ಅದು ಕರಕರ ಅಂದು ಸುಮ್ಮನಾತು. ಅವರು ಓಡಿ ನನ್ನ ಅಂಗಡಿ ಮುಂದ ಬಂದ್ರು. ಗದ್ಲದಾಗ ಕೇಳಲಿ ಅಂತ ಒದರಿ ಹೇಳಿದ್ರು:

"ಖಾಸಿಂಸಾಬ್ರ, ನಿಮ್ಮ ಮೈಕ್ ಹಚ್ರಿ. ಆಟೋದಾಗ ಊರ ತುಂಬ ಸಾರೂ ನಿಮ್ಮ ಧ್ವನಿ ಮಂದಿಗೆ ಗೊತ್ತೈತಿ. ಮನೀಗೆ ಹೋಗ್ರಿ ಅಂತ ನೀವ ಹೇಳ್ರಿ."

ನಿಮ್ಮಮ್ಮ ಹಿಂದಿನಿಂದ ನನ್ನ ಅಂಗಿ ಹಿಡದು ಜಗ್ಗಿದಳು. ಬಿಡಿಸಿಕೊಂಡು ಹೋದೆ. ಗಣಪತಿ ಪೆಂಡಾಲಿಗೆ ಹಚ್ಚಿದ್ದ ನನ್ನ ಹಾರನ್ನುಗಳು ಇದ್ವಲ್ಲ, ಅದ ಕಟ್ಟಿ ಮ್ಯಾಲೆ ಹತ್ತಿ ಮೈಕ್ ಹಿಡದೆ. ಹರದಾಂವ ಮನಷ್ಯಾ ಅಲ್ಲಪಾ, ಲಾರಿ, ಇಷ್ಟೆತ್ತರ ಹೇರಿದ್ರು ಅಂತ ಕೈ ಎತ್ತಿ ತೋರಿಸಿದೆ. ಆಮ್ಯಾಲೆ ಹೆಸರ ಹಿಡದು ಕರದೆ. ಏ ಶಾಹಬಾಜ, ನಿಮ್ಮವ್ವಗ ಸಕ್ಕರಿ ಬ್ಯಾನಿ ಐತಿ, ಗುಳಿಗಿ ತರಾಕ ಬಂದಾಂವ ಇಲ್ಲಿ ಯಾಕ ನಿಂತಿ ಅಂದೆ. ಏ ಬಡಿಗ್ಯಾರ ಹುಡುಗಾ, ನಿನ್ನ ಹೆಂಡತಿ ದಿನ ತುಂಬಿದಾಕಿ, ಮನ್ಯಾಗ ಯಾರದಾರ ಅಂದೆ. ಗುಂಪಿನ್ಯಾಗ ನಿಂತವಗ ತನ್ನ ಹೆಸರು ಕೇಳಿತಂದ್ರ ಅವ ಗುಂಪು ಆಗಿ ಉಳಿಯೂದಿಲ್ಲ ಮಗಳ, ಮತ್ತ ಒಬ್ಬ ಮನಷ್ಯಾ ಆಗತಾನ. ಒಬ್ಬೊಬ್ರ ತಲಿ ತಗ್ಗಿಸಿ ಹಿಂದ ಸರದ್ರು. ಹುಚ್ಚೀರಪ್ಪ ಗಿರಣಿ ಬಿಟ್ಟು ಬಂದು ನನ್ನ ಮಗ್ಗಲದಾಗ ನಿಂತ. ಹಿಟ್ಟಿನ ಮೈಲೆ ಬೆಳ್ಳಗ ಬೂದಿ ಬಡಕೊಂಡವರಂಗ ಕಾಣತಿದ್ದ. ಅವನ್ನ ನೋಡಿ ಅವನ ಕಡಿಯವ್ರೂ ಚದುರಿದ್ರು.

ಹೊರಗಿನ ಪೊಲೀಸ್ ಗಾಡಿ ಬರೂದ್ರಾಗ ಸರ್ಕಲ್ ಖಾಲಿ ಆಗಿತ್ತು. ಇನ್ಸ್‌ಪೆಕ್ಟರ್ ಸಾಹೇಬ್ರು ನನ್ನ ಹೆಗಲ ಮ್ಯಾಲೆ ಕೈಯಿಟ್ಟು, ಊರು ಉಳಿಸಿದ್ರಿ ಅಂದ್ರು. ಮರುದಿನ ನಿಷೇಧಾಜ್ಞೆ ಅಂತ ಸಾರೂದಕ್ಕೂ ನನ್ನ ಆಟೋನ ಬೇಕಾತು, ನನ್ನ ಧ್ವನಿನ ಬೇಕಾತು. ಗದಗದಿಂದ ಬೆಟಗೇರಿತನಕ ಓಣಿ ಓಣಿ ತಿರುಗಿ ಹೇಳಿದೆ, ಗುಂಪು ಕೂಡಬ್ಯಾಡ್ರಿ, ಸುಳ್ಳು ಸುದ್ದಿ ನಂಬಬ್ಯಾಡ್ರಿ ಅಂತ.

ಸುಳ್ಳು ಸುದ್ದಿ ಆವಾಗ ನನ್ನ ಮ್ಯಾಲೆನ ಹೊಂಟಿತ್ತು, ನನಗ ಖಬರ ಇರಲಿಲ್ಲ.

ಹುಚ್ಚೀರಪ್ಪನ ಮಗ ಸುದೀಪ ಗಿರಣಿ ಮಾಳಿಗಿ ಮ್ಯಾಲಿಂದ, ಸಾಹೇಬ್ರು ನನ್ನ ಅಂಗಡಿಗೆ ಓಡಿ ಬಂದಾಗಿಂದ ಹಿಡದು ನಾ ಮಾತಾಡೂದನ್ನೆಲ್ಲಾ ಫೋನಿನ್ಯಾಗ ಹಿಡದಿದ್ದ. ಅದರಾಗ ನನ್ನ ಮಾತಿನ ತುಂಡಷ್ಟ ತಗೊಂಡು, ಧ್ವನಿ ತಗದು, ಡೋಲಿನ ಹಾಡೊಂದು ಹಚ್ಚಿ, ತನ್ನ ಸ್ಟೇಟಸಿಗೆ ಹಾಕಿದ. ಖಾಸಿಂ ಕಾಕಾನ ಖದರು ನೋಡ್ರಿ ಅಂತ ತೋರಸಾಕ ಹಾಕಿದ್ನಂತ. ಕೆಟ್ಟ ಮನಸು ಇರಲಿಲ್ಲ, ಅದನ್ನ ನಾನೂ ನಂಬತೀನಿ. ಆದ್ರ ಅದನ್ನ ಮತ್ಯಾರೋ ತಗೊಂಡು, ಮೈಕ್ ಹಿಡದು ಮಂದೀನ ಎಬ್ಬಿಸಿದವ ಇವನ ಅಂತ ಕೆಳಗ ಬರದು ಬಿಟ್ರು. ಮೈಕ್ ಕೈಯಾಗ, ಇನ್ನೊಂದು ಕೈ ಮ್ಯಾಲೆ, ಬಾಯಿ ಅಗಲ ತಗದೀನಿ. ಧ್ವನಿ ಇಲ್ಲ. ನೋಡಿದ್ರ ನನಗ ನಾನ ಹೆದರಬೇಕು, ಹಂಗ ಕಾಣತೀನಿ. ಅದು ಶಿರಹಟ್ಟಿ, ಮುಂಡರಗಿ ಎಲ್ಲಾ ಕಡೆ ಹೋತು. ಮುಂದ ಒಂದು ದಿನ ಶಿಗ್ಲಿಯಿಂದ ನಿಮ್ಮ ಮಾಮಾ ಫೋನ್ ಮಾಡಿ, ನೀವು ಇಂಥಾ ಕೆಲಸ ಮಾಡಬಾರದಿತ್ತು ಅಂದ. ಸ್ವಂತ ಹೆಂಡತಿ ತಮ್ಮ, ಅವನೂ ನಂಬಿದ್ದ.

ಇದ್ಯಾವದೂ ಗೊತ್ತಿಲ್ಲದ, ಊರಾಗ ಸಾರಿ ಬಂದ ಮರುದಿನ ಮುಂಜಾನಿ ನಾ ಪೆಂಡಾಲ್ ಬಟ್ಟಿ ಒಣಾಹಾಕಿ ನಿಂತಿದ್ದೆ. ಬಂದೋಬಸ್ತಿಗಂತ ಬ್ಯಾರೆ ತಾಲೂಕಿನಿಂದ ಬಂದ ಪೊಲೀಸ್ರು ಇಬ್ಬರು ಫೋನ್ ಮುಂದ ಹಿಡದು, ಇದು ನೀನ ಏನು ಅಂದ್ರು. ಹೌದ್ರಿ, ನಾನ ಅಂದೆ. ಹೆಮ್ಮಿಲೆ ಅಂದೆ ಮಗಳ, ಶಾಭಾಸ್ ಹೇಳಾಕ ಬಂದಾರ ಅಂತ ತಿಳದಿದ್ದೆ. ನಡಿಯಲೇ ಅಂದ ಒಬ್ಬ. ತೌಹೀದನ ವಯಸ್ಸಿನವ. ನಿಮ್ಮಮ್ಮ ಚಹಾದ ಬಟ್ಟಲ ಹಿಡಕೊಂಡು ಬಾಗಲದಾಗ ನಿಂತಿದ್ದಳು, ಇನ್ಸ್‌ಪೆಕ್ಟರ್ ಸಾಹೇಬ್ರಿಗೆ ಒಂದು ಫೋನ್ ಮಾಡ್ರಿ ಅಂತ ಅವರಿಗೆ ಹೇಳಿದಳು. ಸಾಹೇಬ್ರ ಕಳಿಸ್ಯಾರ ಅಂದ್ರು.

ಠಾಣಾದಾಗ ಸಾಹೇಬ್ರು ಕುರ್ಚಿ ಮ್ಯಾಲೆನ ಇದ್ರು. ನನ್ನ ಕಡೆ ಒಮ್ಮೆ ನೋಡಿದ್ರು, ಆಮ್ಯಾಲೆ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದ್ರು. ಶಾಂತಿ ಭಂಗ ಮಾಡೂ ಸಂಭವ ಐತಿ, ಮುಂಜಾಗ್ರತಾ ಕ್ರಮ ಅಂತ ಒಬ್ರು ಹೇಳಿದ್ರು. ಆ ಮಾತು ನೀನೂ ಅಲ್ಲಿ ಕಲಿಯಾಕತ್ತಿರಬೇಕು.

ಒಳಗ ಕುಂತವರನ್ನ ನೋಡಿ ನನಗ ನನ್ನ ದುಃಖ ಮರತು ಹೋತು. ಹೊಂಬಳದ ಅಂದಪ್ಪ ಕುಂತಿದ್ದ, ನಮ್ಮ ಓಣಿಗೆ ಹಾಲು ಹಾಕಾಂವ. ಗದ್ಲದ ಸಂಜಿ ಅವ ಊರಾಗ ಸೈತ ಇರಲಿಲ್ಲ. ಆ ಮುಂಜಾನಿ ಕ್ಯಾನ್ ಹೇರಿಕೊಂಡು ಬಂದಾನ, ಸರ್ಕಲ್ಲಿನ್ಯಾಗ ನಿಲ್ಲಿಸಿ ಹೆಸರು ಕೇಳ್ಯಾರ, ಅಂದಪ್ಪ ಅಂದಾನ, ಗಾಡಿ ಹತ್ತು ಅಂದಾರ. ಅವನ ಕ್ಯಾನುಗಳು ಠಾಣಾ ಕಟ್ಟಿ ಮ್ಯಾಲೆ ಬಿಸಲಾಗ ಇದ್ವು, ಹಾಲು ಒಡದು ವಾಸನಿ ಹೊಡಿಯಾಕತ್ತಿತ್ತು. ಅವಗ ತನ್ನ ಚಿಂತಿ ಇರಲಿಲ್ಲ. ಎಮ್ಮಿ ನನ್ನ ಕೈ ಬಿಟ್ಟು ಮತ್ತೊಬ್ರಿಗೆ ಹಿಂಡಾಕ ಕೊಡೂದಿಲ್ರಿ ಕಾಕಾ, ಕೆಚ್ಚಲ ಬಾತು ಒದ್ದಾಡತೈತಿ ಅಂತ ಕಣ್ಣಾಗ ನೀರ ತಂದಿದ್ದ.

ಮಂಜವ್ವ ಕುಡಿಯಾಕ ನೀರು ತಂದುಕೊಟ್ಟಳು. ಸಣ್ಣ ಧ್ವನಿಲೆ ಹೇಳಿದಳು, ಕಾಕಾ, ನಾ ಸಾಹೇಬ್ರಿಗೆ ಹೇಳೀನಿ, ನೀವು ಮಂದೀನ ಮನೀಗೆ ಕಳಿಸಿದ್ದನ್ನ ನೆನಪು ಮಾಡೀನಿ, ಅವರು ಗೊತ್ತೈತಿ ಅಂದ್ರು ಅಂತ. ಗೊತ್ತೈತಿ. ಆ ಒಂದು ಮಾತಿಗೆ ನನ್ನ ಮೈ ಉರೀತು. ಗೊತ್ತಿಲ್ಲದ ಹಿಡದಿದ್ರ ತಪ್ಪು ಅಂತಿದ್ದೆ, ಮಾಫ್ ಮಾಡತಿದ್ದೆ. ಗೊತ್ತಿದ್ದು ಹಿಡದದ್ದಕ್ಕ ಏನನ್ನಬೇಕು, ನಿಮ್ಮ ಪುಸ್ತಕದಾಗ ಏನರ ಹೆಸರು ಐತೇನು?

ಹೊತ್ತು ಮುಣಗೂ ಮುಂದ ಹುಚ್ಚೀರಪ್ಪ ಬಂದ. ಸುದೀಪನ ರಟ್ಟಿ ಹಿಡದು ಕರಕೊಂಡು ಬಂದಿದ್ದ. ಮೂಲ ವಿಡಿಯೊ ಆ ಹುಡುಗನ ಫೋನಿನ್ಯಾಗ ಧ್ವನಿ ಸಮೇತ ಹಂಗ ಇತ್ತು. ಸಾಹೇಬ್ರ ಮೇಜಿನ ಮ್ಯಾಲೆ ಇಟ್ಟು ಹಚ್ಚಿದ್ರು. ಮನೀಗೆ ಹೋಗ್ರಿ ಅಂತ ನೀವ ಹೇಳ್ರಿ ಅನ್ನೂ ಸಾಹೇಬ್ರ ಧ್ವನಿ ಅದರಾಗ ಖಡಕ್ಕಾಗಿ ಬಂತು. ಎಲ್ಲಾರೂ ಕೇಳಿದ್ರು. ಸಾಹೇಬ್ರು ಪೆನ್ನಿನ ಟೊಪಗಿ ಹಾಕಿ ಅಂದ್ರು:

"ಹುಚ್ಚೀರಪ್ಪನವ್ರ, ನನಗ ಗೊತ್ತಿಲ್ಲೇನು? ಮ್ಯಾಲಿನವರು ಆ ವಿಡಿಯೊ ನೋಡ್ಯಾರ, ಅದರಾಗಿನ ಮನಷ್ಯಾನ್ನ ಯಾಕ ತಂದಿಲ್ಲ ಅಂತ ಕೇಳಾಕತ್ತಾರ. ಆ ಕಡಿಯವರು ಎಷ್ಟು ಮಂದಿ ಒಳಗ ಅದಾರೋ ಈ ಕಡಿಯವರೂ ಅಷ್ಟ ಇರಬೇಕು. ಇವರನ್ನ ಬಿಟ್ರ ಅವರು ಏಳ್ತಾರ, ಅವರನ್ನ ಬಿಟ್ರ ಇವರು ಏಳ್ತಾರ. ಊರು ತಣ್ಣಗ ಇರಬೇಕಂದ್ರ ತಕ್ಕಡಿ ಸಮಾ ಇರಬೇಕು."

ಹುಚ್ಚೀರಪ್ಪ ಹೆಚ್ಚು ಮಾತಿನವ ಅಲ್ಲ, ನಿನಗ ಗೊತ್ತು. ಆವತ್ತ ಅಂದ:

"ನಾನೂ ದಿನಾ ತಕ್ಕಡಿ ಹಿಡಿಯಾಂವ ಅದೀನ್ರಿ. ಕಲ್ಲು ಒಗದವರನ್ನ ಹೊರಗ ಬಿಟ್ಟು, ಇವರನ್ನ ತೂಕದ ಕಲ್ಲು ಮಾಡಿ ಇಟ್ಟೀರಿ."

ಸಾಹೇಬ್ರು, ನಾಳಿ ತಾಲೂಕ ಕಚೇರಿಗೆ ಬರ್ರಿ, ಒಂದು ಸಹಿ ಮಾಡಿದ್ರ ಮುಗೀತು, ಇದೇನು ಜೇಲಲ್ಲ ಅಂದ್ರು. ಹುಚ್ಚೀರಪ್ಪ ಹೋಗಲಿಲ್ಲ. ಠಾಣಾ ಹೊರಗಿನ ಬೇವಿನ ಗಿಡದ ಬುಡಕ ಟವೆಲ್ ಹಾಸಿ ಕುಂತ. ಬೆಳಗಿನ ತನಕ ಅಲ್ಲೇ ಇದ್ದ ಅಂತ ಆಮ್ಯಾಲೆ ತಿಳೀತು.

ಮರುದಿನ ತಾಲೂಕ ಕಚೇರಿಯ ದೊಡ್ಡ ಸಾಹೇಬ್ರ ಮುಂದ ನಿಲ್ಲಿಸಿದ್ರು. ಮುಚ್ಚಳಿಕಿ ಹಾಳಿ ಕೊಟ್ರು. ಇನ್ನು ಮುಂದೆ ಸಾರ್ವಜನಿಕ ಶಾಂತತೆಗೆ ಭಂಗ ತರುವುದಿಲ್ಲ ಅಂತ ಬರದಿತ್ತು. ನಮ್ಮ ಮುಂದಿನವರು ಎಲ್ಲಾರೂ ಸಹಿ ಮಾಡಿ ಹೊರಗ ಹೋಗಾಕತ್ತಿದ್ರು. ನಾ ಓದಿ ವಾಪಸ್ ಇಟ್ಟೆ. ಇನ್ನು ಮುಂದೆ ಅಂದ್ರ ಹಿಂದ ತಂದೀನಿ ಅಂತ ಆತಲ್ರಿ, ಇದಕ್ಕ ನಾ ಸಹಿ ಹಾಕೂದಿಲ್ಲ ಅಂದೆ. ದೊಡ್ಡ ಸಾಹೇಬ್ರಿಗೆ ಬ್ಯಾಸರ ಬಂತು. ಎಲ್ಲಾರೂ ಮಾಡ್ತಾರ, ರೂಢಿ ಐತಿ, ಸಹಿ ಮಾಡದಿದ್ರ ಒಳಗ ಕಳಿಸಬೇಕಾಗತೈತಿ ಅಂದ್ರು. ಕಳಿಸ್ರಿ ಅಂದೆ. ನಿಮ್ಮಮ್ಮ ಬಾಗಲದ ಹೊರಗ ದುಪಟ್ಟಾ ಬಾಯಿಗೆ ಇಟ್ಕೊಂಡು ನಿಂತಿದ್ದಳು.

ಆವಾಗ ಮಂಜವ್ವ ಮುಂದ ಬಂದಳು. ಆಕೀನ್ನ ಯಾರೂ ಕೇಳಿರಲಿಲ್ಲ. ಸಲ್ಯೂಟ್ ಹೊಡದು ಹೇಳಿದಳು:

"ಸರ್, ನಾ ಅವತ್ತ ಸ್ಥಳದಾಗ ಇದ್ದೆ. ಇವರು ಮಾತಾಡದಿದ್ರ ನಾನೂ ಅಲ್ಲಿಂದ ಮನೀಗೆ ಹೋಗತಿದ್ದಿಲ್ಲ. ಹೇಳಿಸಿದವರು ನಮ್ಮ ಸಾಹೇಬ್ರು."

ಇನ್ಸ್‌ಪೆಕ್ಟರ್ ಸಾಹೇಬ್ರು ಅಲ್ಲೇ ನಿಂತಿದ್ರು. ಅವರ ಕಡೆ ಆಕಿ ನೋಡಲಿಲ್ಲ. ಸುದೀಪ ಫೋನ್ ಕೊಟ್ಟ, ದೊಡ್ಡ ಸಾಹೇಬ್ರು ಪೂರಾ ಕೇಳಿದ್ರು. ಹಾಳಿ ಮ್ಯಾಲೆ ಏನೋ ಬರದು, ಹೋಗ್ರಿ ಅಂದ್ರು. ಅಷ್ಟ. ತಪ್ಪಾತು ಅಂತ ಯಾರೂ ಅನ್ನಲಿಲ್ಲ.

ನಾ ಹೊರಗ ಬರಲಿಲ್ಲ ಮಗಳ. ನನ್ನ ಹಿಂದ ಅಂದಪ್ಪ ಇದ್ದ. ಇವನೂ ಏನೂ ಮಾಡಿಲ್ರಿ, ಹಾಲು ಹಾಕಾಕ ಬಂದಾಂವ ಅಂದೆ. ನಿಮ್ಮದು ಮುಗೀತಲ್ಲ, ನಡೀರಿ ಅಂದ್ರು. ಅವನ ವಿಡಿಯೊ ಯಾರೂ ಹಿಡದಿರಲಿಲ್ಲ. ಹಾಲು ಹಾಕಾಂವನ್ನ ಯಾರು ಹಿಡೀತಾರ? ನನ್ನಂಗ ಅವನ ಧ್ವನಿ ಊರಿಗೆ ಗೊತ್ತಿಲ್ಲ. ಅವ ನನ್ನ ಮುಖ ನೋಡಿದ, ಹಾಳಿ ನೋಡಿದ, ಎಮ್ಮಿ ನೆನಪಾತೋ ಏನೋ, ಸಹಿ ಹಾಕಿದ. ಈಗ ವಾರಕ್ಕೊಮ್ಮೆ ಠಾಣಾಕ್ಕ ಹೋಗಿ ಹಾಜರಿ ಕೊಡಬೇಕು. ಯಾವ ಹಬ್ಬ ಬಂದ್ರೂ ಮೊದಲ ಅವನ್ನ ಕರೀತಾರಂತ. ನಮ್ಮ ಓಣಿಗೆ ಬರೂದ ಬಿಟ್ಟಾನ. ನಿಮ್ಮಮ್ಮ ಈಗ ಪಾಕೀಟ್ ಹಾಲಿನ ಚಹಾ ಮಾಡತಾಳ, ನನಗದು ಗಂಟಲಾಗ ಇಳಿಯೂದಿಲ್ಲ.

ಸುದೀಪ ಒಂದು ಸಂಜಿ ಬಂದು ಬಾಗಲದಾಗ ನಿಂತ, ಒಳಗ ಬರಲಿಲ್ಲ. ನಿಮ್ಮಮ್ಮ ಕಸ ಹೊಡಿಯೂದ ಬಿಟ್ಟು ನೆಟ್ಟಗ ನಿಂತು ಕೇಳಿದಳು, ಧ್ವನಿ ತಗದು ಹಾಡ ಹಚ್ಚಿದೆಲ್ಲಪಾ, ನಿಮ್ಮ ಕಾಕಾನ ಧ್ವನಿ ಛಲೋ ಇರಲಿಲ್ಲೇನು ಅಂತ. ಹುಡುಗ ಅತ್ತ. ಆಮ್ಯಾಲೆ ಆಕಿನ ಅವನ್ನ ಒಳಗ ಕೂಡಿಸಿ ರೊಟ್ಟಿ ಹಾಕಿದಳು.

ಎಲ್ಲಾ ತಣ್ಣಗಾದ ಮ್ಯಾಲೆ ಶಾಂತಿ ಸಭೆ ಇಟ್ರು. ಮೈಕ್ ಬೇಕಂತ ಹೇಳಿ ಕಳಿಸಿದ್ರು, ಯಾರಿಗೆ ಅಂತೀ? ನನಗ. ತೌಹೀದ ಕೊಡಬ್ಯಾಡ್ರಿ ಅಬ್ಬಾ ಅಂದ. ನಾ ಕೊಡತೀನಿ, ನಾನ ಬರ್ತೀನಿ ಅಂದೆ. ವೇದಿಕಿ ಮ್ಯಾಲೆ ಎರಡೂ ಕಡಿಯ ಹಿರ್ಯಾರು, ಸಾಹೇಬ್ರು, ಹೂವಿನ ಹಾರ. ಒಬ್ಬರಾದ ಮ್ಯಾಲೆ ಒಬ್ಬರು ನಾವೆಲ್ಲಾ ಒಂದ ಅಂದ್ರು. ನಮ್ಮ ಊರಿನ ಶಾಂತಿಗೆ ದುಡದವರು ಅಂತ ಹೇಳಿ ನನಗೂ ಒಂದು ಶಾಲು ಹೊಚ್ಚಿದ್ರು, ಎರಡು ಮಾತು ಆಡ್ರಿ ಅಂದ್ರು. ಹೊಚ್ಚಿದವರು ಇನ್ಸ್‌ಪೆಕ್ಟರ್ ಸಾಹೇಬ್ರು. ಅವರ ಮುಖದಾಗ ಒಂದು ಗೆರಿ ಸೈತ ಅಲುಗಲಿಲ್ಲ.

ಮೈಕ್ ಮುಂದ ನಿಂತು ನಾ ಶಾಲು ತಗದು ಮಡಚಿ ಮೇಜಿನ ಮ್ಯಾಲೆ ಇಟ್ಟೆ. ಹೊಂಬಳದ ಅಂದಪ್ಪನ ಹೆಸರು ಠಾಣಾ ಪಟ್ಟಿಯಿಂದ ಯಾವಾಗ ತಗೀತೀರಿ ಅಂತ ಕೇಳಿದೆ. ಆ ವಿಷಯ ಇಲ್ಲಿ ಬ್ಯಾಡ ಅಂದ್ರು. ಇಲ್ಲೇ ಬೇಕ್ರಿ, ಅವನ್ನ ಹಿಡದದ್ದು ಇದ ಶಾಂತಿ ಸಲುವಾಗಿ ಅಲ್ಲೇನು ಅಂದೆ. ಬೆಂಕಿ ಹಚ್ಚಿದವರನ್ನ ಹುಡುಕೂದು ಬಿಟ್ಟು, ಕೈಗೆ ಸಿಕ್ಕವರನ್ನ ಎರಡೂ ಕಡಿಂದ ಸಮ ಸಮ ಹಿಡದು ಇದಕ್ಕ ನ್ಯಾಯ ಅಂದ್ರ, ನಾಳಿ ಗದ್ಲ ಆದಾಗ ಯಾವ ಮನಷ್ಯಾ ಮುಂದ ಬಂದು ಮನೀಗೆ ಹೋಗ್ರಿ ಅಂತಾನ, ನೀವ ಹೇಳ್ರಿ ಅಂದೆ. ಯಾರೋ ಒಬ್ರು ಮೈಕ್ ಬಂದ್ ಮಾಡ್ರಿ ಅಂತ ಕೈ ಮಾಡಿದ್ರು. ಬಂದ್ ಮಾಡೂ ಗುಂಡಿ ಹತ್ರ ತೌಹೀದ ಕುಂತಿದ್ದ. ಅವ ಆಕಾಶ ನೋಡಾಕತ್ತಿದ್ದ.

ಕೆಳಗ ಕುಂತವರೊಳಗ ಹುಚ್ಚೀರಪ್ಪ ಎದ್ದು ನಿಂತ. ಅಂದಪ್ಪನ ಹೆಸರು ಹೋಗೂತನಕ ನಮ್ಮ ಮಂಡಳಿಯವರು ಶಾಂತಿ ಸಭೆಗೆ ಬರೂದಿಲ್ಲ ಅಂದ. ಅವನ ಸಂಗಾಟ ಇನ್ನೂ ಕೆಲವ್ರು ಎದ್ರು, ನಮ್ಮವರೂ ಎದ್ರು. ಕುಂತವರೂ ಭಾಳ ಇದ್ರು ಮಗಳ, ಎಲ್ಲಾರೂ ಎದ್ರು ಅಂತ ನಾ ಬರಿಯೂದಿಲ್ಲ. ಪರಿಶೀಲಿಸತೀವಿ ಅಂತ ಸಾಹೇಬ್ರು ಹೇಳಿದ್ರು. ಇನ್ನೂ ಪರಿಶೀಲನಿ ನಡದೈತಿ. ಅಂದಪ್ಪ ಹಾಜರಿಗೆ ಹ್ವಾದಾಗೆಲ್ಲಾ ನಾನೂ ಹುಚ್ಚೀರಪ್ಪನೂ ಅವನ ಸಂಗಾಟ ಹೋಗಿ ಠಾಣಾ ಕಟ್ಟಿ ಮ್ಯಾಲೆ ಕುಂಡ್ರತೀವಿ. ಯಾಕ ಬಂದ್ರಿ ಅಂತ ಕೇಳ್ತಾರ. ತೂಕ ನೋಡಾಕ ಅಂತಾನ ಹುಚ್ಚೀರಪ್ಪ.

ಮಂಜವ್ವನ್ನ ಶಿರಹಟ್ಟಿ ಕಡೆ ವರ್ಗಾ ಮಾಡ್ಯಾರ. ಆಕಿ ಸಣ್ಣ ಮಕ್ಕಳನ್ನ ಕಟ್ಟಿಕೊಂಡು ದಿನಾ ಬಸ್ಸಿಗೆ ಹೋಗಿ ಬರ್ತಾಳ. ಕಾರಣ ಏನಂತ ಯಾರೂ ಬಾಯಿಬಿಟ್ಟು ಹೇಳಿಲ್ಲ. ನಾ ಕೈಮುಗಿದು, ನನ್ನ ಸಲುವಾಗಿ ಹಿಂಗಾತಲ್ಲವ್ವಾ ಅಂದೆ. ನಿಮ್ಮ ಸಲುವಾಗಿ ಅಲ್ಲ ಕಾಕಾ, ನಾ ಹಾಕ್ಕೊಂಡ ಖಾಕಿ ಬಟ್ಟಿ ಸಲುವಾಗಿ ಅಂದಳು.

ಇದನ್ನೆಲ್ಲಾ ನಿನಗ ಯಾಕ ಬರದೆ ಅಂದ್ರ, ನೀನೂ ನಾಳಿ ಅದ ಬಟ್ಟಿ ಹಾಕ್ಕೊಂಡು ಯಾವುದೋ ಊರಿನ ಸರ್ಕಲ್ಲಿನ್ಯಾಗ ನಿಲ್ಲಾಕಿ. ಬಿಟ್ಟು ಬಾ ಅಂತ ನಿಮ್ಮಮ್ಮ ಹೇಳಾಕತ್ತಾಳ. ನಾ ಹೇಳೂದಿಲ್ಲ. ಇಂಥಾ ಸಾಹೇಬ್ರು ಇರೂ ಕಡೆ ಮಂಜವ್ವನಂಥಾಕಿ ಒಬ್ಬಾಕಿ ಇರದಿದ್ರ ಇವತ್ತ ನಾ ಎಲ್ಲಿರತಿದ್ದೆ? ಕಲ್ಲು ಒಗದವನ್ನ ಹಿಡಿ, ನಮ್ಮವ ಇದ್ರೂ ಹಿಡಿ, ನಿಮ್ಮಣ್ಣ ಇದ್ರೂ ಹಿಡಿ. ಆದ್ರ ಲೆಕ್ಕಾ ತುಂಬಿಸಾಕ ಅಂತ ಯಾರ ಮನಿ ಬಾಗಲಕ್ಕೂ ಹೋಗಬ್ಯಾಡ. ಹೋಗಂತ ಹೇಳಿದವರು ಎಷ್ಟ ದೊಡ್ಡವರು ಇರಲಿ.

ಹೊಟ್ಟಿ ತುಂಬ ಉಣ್ಣು. ಗೆಳತ್ಯಾರಿಗೆ ನನ್ನ ಸಲಾಮು, ನಮಸ್ಕಾರ ಹೇಳು. ನಿನ್ನ ಹೆಜ್ಜಿ ಎಲ್ಲಿ ಬೀಳತೈತಿ ಅಲ್ಲಿ ಅಂಜಿದವರಿಗೆ ಧೈರ್ಯ ಬರಲಿ, ಅಲ್ಲಾ ನಿನ್ನ ಕೈಲೆ ಯಾರಿಗೂ ಅನ್ಯಾಯ ಮಾಡಿಸದಿರಲಿ.

ನಿನ್ನ ಅಬ್ಬಾ,
ಖಾಸಿಂಸಾಬ

ತಾ. ಕ.: ಪತ್ರ ಮಡಚಿ ಅಂಟು ಹಚ್ಚಾಕ ಹೋದಾಂವ ಮತ್ತ ತಗದೆ. ಒಂದು ಮಾತು ಬಿಟ್ಟು ಬರದಿದ್ದೆ. ಠಾಣಾಕ್ಕ ಒಯ್ದ ದಿನ ಒಬ್ಬ ಪೊಲೀಸ ನನ್ನ ಹೆಸರು, ಅಪ್ಪನ ಹೆಸರು, ಉದ್ಯೋಗ ಎಲ್ಲಾ ಕೇಳಿ ಬರಕೊಂಡ. ಮಕ್ಕಳೆಷ್ಟು, ಏನ ಮಾಡ್ತಾರ ಅಂದ. ನಿನ್ನ ಹೆಸರು ನಾಲಿಗಿ ತುದಿಗೆ ಬಂದಿತ್ತು. ಇವರು ನಿಮ್ಮ ಟ್ರೇನಿಂಗಿನವರಿಗೆ ಬರದು, ನಿನ್ನ ಖಾಕಿ ಬಟ್ಟಿ ಕಳಚಿಸಿ ಮನೀಗೆ ಕಳಿಸಿದ್ರ ಅಂತ ಅಂಜಿದೆ. ಒಬ್ಬ ಮಗ, ಹೆಣ್ಣಮಕ್ಕಳಿಲ್ಲ ಅಂದೆ. ಮಂಜವ್ವ ನೀರಿನ ಚೆಂಬು ಹಿಡಕೊಂಡು ಅಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ ಚೆಂಬು ಇಟ್ಟು ಹೋದಳು. ನನ್ನ ಮಗಳು ಪೊಲೀಸ್ ಆಗತಾಳ ಅಂತ ಓಣಿ ಓಣಿ ಮೈಕ್ ಹಚ್ಚಿ ಹೇಳೂವಷ್ಟು ಹಿಗ್ಗಿದ್ದವ, ಪೊಲೀಸ್ ಠಾಣಾದಾಗ ನೀ ಹುಟ್ಟೇ ಇಲ್ಲ ಅಂದು ಬಂದೀನಿ. ಅದು ಅಲ್ಲಿ ಹಂಗ ಬರದೈತಿ. ಹೋಗಿ ತಿದ್ದಿಸಬೇಕಂತ ಮಾಡೀನಿ, ಆದ್ರ ನೀ ಹೂಂ ಅನ್ನೂತನಕ ಹೋಗೂದಿಲ್ಲ. ನಿನ್ನ ಹೆಸರು ಹೇಳಲೇನು ಮಗಳ?